ನಾಯಿಗೆ ಕಲ್ಲು ನಿಂತಿತು, ಅಜ್ಜನಿಗೆ ಒಂದು ಗುಡ್ಡೆ ಬಾಡು

ಬೆಂಗಳೂರಿಗೆ ಮೀಟಿಂಗಿಗೆ ಹೋದಾಗ ಟೈಮ್ ಸಿಕ್ಕರೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಂದು ಸುತ್ತು ಹೋಗಿ ಬರ್ತೀನಿ. ಅಲ್ಲೊಂದು ಕಲ್ಲಿದೆ. ಮದ್ದೂರು ತಾಲೂಕಿನ ಆತಕೂರಿನಿಂದ ತಂದದ್ದು. ಕಲ್ಲಿನ ಮೇಲೆ ಒಂದು ನಾಯಿ, ಒಂದು ಕಾಡುಹಂದಿ. ಎರಡೂ ಕಾದಾಡ್ತಿವೆ.

ಕತೆ ಬಹಳ ಜನಕ್ಕೆ ಗೊತ್ತು. 949ರ ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದ. ಅವನ ಜೊತೆ ಗಂಗರ ಬೂತುಗ ಇದ್ದ. ಬೂತುಗನ ಕಡೆಯ ವೀರ ಮಣಲೆರ. ಇವನ ಶೌರ್ಯಕ್ಕೆ ಒಡೆಯ ಮೆಚ್ಚಿ ಏನು ಬೇಕು ಕೇಳು ಅಂದಾಗ, ಕಾಳಿ ಅನ್ನೋ ನಾಯಿಯನ್ನು ಕೇಳಿ ತಗೊಂಡ. ಆ ಕಾಳಿಯನ್ನು ಒಂದು ದೊಡ್ಡ ಹಂದಿ ಮೇಲೆ ಛೂ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ನಾಯಿಯ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೂ ಏರ್ಪಾಡು ಮಾಡಿದರು.

ಸಾವಿರ ವರ್ಷ ದಾಟಿದರೂ ನಾಯಿಯ ಹೆಸರು ಅಳಿದಿಲ್ಲ. ಆದರೆ ಆವತ್ತು ಪೊದೆಗೆ ನುಗ್ಗಿ ಆ ಹಂದಿಯನ್ನ ಎಬ್ಬಿಸಿದ ಮನುಷ್ಯರು ಯಾರು? ಕಲ್ಲು ಹೇಳಲ್ಲ. ಕಾಳಿ ಮೇಲೆ ನನಗೇನೂ ಸಿಟ್ಟಿಲ್ಲ. ಪಾಪ, ಅದು ಹೇಳಿದ್ದು ಮಾಡ್ತು, ಸತ್ತಿತು. ಆದರೆ ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ಕಾಣೋದು ನನ್ನ ಅಜ್ಜನ ತೊಡೆ.

ಅಜ್ಜ ಮಲೆನಾಡಿನ ಒಂದು ಕಾಫಿ ತೋಟದಲ್ಲಿ ಜೀತಕ್ಕಿದ್ದವರು. ಮಳೆ ಬಿಟ್ಟ ಮೇಲೆ ಗೌಡ್ರು ಶಿಕಾರಿ ಕಟ್ತಿದ್ರು. ಶಿಕಾರಿಯಲ್ಲಿ ಎರಡು ಕೆಲಸ. ಒಂದು, ಬಿಲ್ಲಿಗೆ ಕೂರೋದು. ಅಂದ್ರೆ ಹಂದಿ ಹಾದು ಹೋಗೋ ದಾರಿಯಲ್ಲಿ ಕೋವಿ ಹಿಡಿದು ಕಾಯೋದು. ಇನ್ನೊಂದು, ಹಳು ನುಗ್ಗೋದು. ಮುಳ್ಳು, ಪೊದೆ, ಜಿಗಣೆ ಎಲ್ಲದರ ಒಳಗೆ ಕೂಗುತ್ತಾ, ಡಬ್ಬ ಬಡಿಯುತ್ತಾ ಮಿಕವನ್ನ ಕೋವಿ ಕಡೆಗೆ ಅಟ್ಟೋದು. ಬಿಲ್ಲಿಗೆ ಯಾರು, ಹಳುವಿಗೆ ಯಾರು ಅಂತ ಯಾರೂ ಕೇಳ್ತಿರಲಿಲ್ಲ. ಕೋವಿ ಅವರದು, ಕೂಗು ನಮ್ಮದು.

ಅಪ್ಪ ನಾಲ್ಕನೇ ಕ್ಲಾಸಲ್ಲಿದ್ದಾಗ ಒಂದು ಒಂಟಿಗ ಕೋವಿ ಕಡೆ ಓಡದೆ ತಿರುಗಿ ಬಿತ್ತು. ಅಜ್ಜನ ತೊಡೆ ಮಂಡಿಯಿಂದ ಮೇಲಕ್ಕೆ ಸೀಳಿಹೋಯ್ತು. ಕಂಬಳಿಯಲ್ಲಿ ಹೊತ್ತು ಕೇರಿಗೆ ತಂದರು. ಅಜ್ಜಿ ಕಾಫಿಪುಡಿ ತುಂಬಿ ಸೀರೆ ಹರಿದು ಕಟ್ಟಿದಳು.

ಅದೇ ಸಂಜೆ ಗೌಡ್ರ ಅಂಗಳದಲ್ಲಿ ಪಾಲು ಹಾಕಿದರು. ನಮ್ಮೂರ ಲೆಕ್ಕ ಹೀಗಿತ್ತು: ಈಡು ಹೊಡೆದವನಿಗೆ ತಲೆ. ಕೋವಿಗೆ ಒಂದು ಪಾಲು. ನಾಯಿಗೆ ಒಂದು ಪಾಲು. ಆಳಿಗೆ ಒಂದು ಪಾಲು. ಕೋವಿ, ನಾಯಿ ಎರಡೂ ಯಾರದ್ದು ಅಂತ ನಾನು ಹೇಳಬೇಕಾಗಿಲ್ಲ. ಅಜ್ಜನ ಪಾಲಿನ ಗುಡ್ಡೆ ಬಾಡು ಎಲೆಯಲ್ಲಿ ಸುತ್ತಿಕೊಂಡು ಬಂತು. ನಾಯಿಗೆ ಸಿಕ್ಕಷ್ಟೇ. ಅಜ್ಜಿ ಅದನ್ನ ಒಲೆ ಮೇಲೆ ಇಡಲಿಲ್ಲ, ಪಕ್ಕದ ಮನೆಯವರಿಗೆ ಕೊಟ್ಟಳಂತೆ.

ಅಜ್ಜ ಎದ್ದು ಓಡಾಡೋಕೆ ನಾಲ್ಕು ತಿಂಗಳು ಬೇಕಾಯ್ತು. ಆ ನಾಲ್ಕು ತಿಂಗಳ ಕೂಳು ಸಾಲದ ಲೆಕ್ಕಕ್ಕೆ ಸೇರಿತು. ಆ ಲೆಕ್ಕ ತೀರಿಸೋಕೆ ಅಪ್ಪ ಸ್ಲೇಟು ಬಿಟ್ಟು ತೋಟಕ್ಕೆ ಹೋದರು. ಜೀತ ರದ್ದಾಗಿ ಕಾನೂನು ಬಂದದ್ದು 1976ರಲ್ಲಿ. ಅಷ್ಟೊತ್ತಿಗೆ ಅಪ್ಪನ ಓದೋ ವಯಸ್ಸು ಮುಗಿದು ಹೋಗಿತ್ತು. ನಮ್ಮ ಮನೆಯ ಚರಿತ್ರೆಯಲ್ಲಿ ಆ ಹಂದಿ ಸೀಳಿದ್ದು ಒಂದು ತೊಡೆ ಮಾತ್ರ ಅಲ್ಲ.

ಕೋವಿ ಯಾಕೆ ನಮ್ಮ ಕೈಲಿ ಇರಲಿಲ್ಲ? ಇದಕ್ಕೂ ಒಂದು ಚರಿತ್ರೆ ಇದೆ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂತ ಕಾನೂನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯವರಿಗೆ ಆಯುಧ ಅಂದ್ರೆ ಅನ್ನ. ಊರಿಗೆ ಬೆಂಕಿ ಹಚ್ಚಿದರು, 19 ಜನರನ್ನ ಗಲ್ಲಿಗೇರಿಸಿದರು. ಮುಂದೆ 1878ರಲ್ಲಿ ಇನ್ನೂ ಬಿಗಿಯಾದ ಶಸ್ತ್ರಾಸ್ತ್ರ ಕಾಯ್ದೆ ಬಂತು. ಆದರೆ ಅದೇ ಬ್ರಿಟಿಷರು ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟರು. ಅದು ಇವತ್ತಿಗೂ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಯಾವ ಸಮುದಾಯದ ಆಚರಣೆ ಮೇಲೂ ನನ್ನ ತಕರಾರಿಲ್ಲ. ಕೇಳ್ತಿರೋದು ಇಷ್ಟೇ: ಅದೇ ಕಾಡಲ್ಲಿ ಬದುಕಿದ ಯರವರಿಗೆ, ಜೇನುಕುರುಬರಿಗೆ, ತೋಟದ ಲೈನ್ ಮನೆಯ ದಲಿತರಿಗೆ ಬೇಟೆಯ ಸಂಸ್ಕೃತಿ ಇರಲಿಲ್ವಾ?

ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸಿಗೆ ದಾರಿ ಇಟ್ಟಿತು. ನೋಡೋಕೆ ಎಲ್ಲರಿಗೂ ಒಂದೇ. ಆದರೆ ಜಮೀನು ಇಲ್ಲದವನಿಗೆ ಬೆಳೆ ಇಲ್ಲ, ಬೆಳೆ ಇಲ್ಲದವನಿಗೆ ಕೋವಿ ಇಲ್ಲ. ಕಾಯ್ದೆಯಲ್ಲಿ ಜಾತಿ ಅನ್ನೋ ಪದ ಬರೆಯಬೇಕಾಗೇ ಇರಲಿಲ್ಲ.

ಇನ್ನು ಮೈಲಿಗೆಯ ಮಾತು. ಬಾದಾಮಿ ಚಾಲುಕ್ಯರ ಲಾಂಛನ ವರಾಹ. ಬಾದಾಮಿಯ ಗುಹೆಯಲ್ಲಿ ಭೂದೇವಿಯನ್ನು ಎತ್ತಿ ನಿಂತವನು ವರಾಹ. ವಿಜಯನಗರದ ಚಿನ್ನದ ನಾಣ್ಯದ ಹೆಸರೇ ವರಾಹ. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಹಂದಿಮಾಂಸ ಬೇಯಿಸೋ ವಿಧಾನವೇ ಇದೆ. ರಾಜ ತಿಂದರೆ ಪಾಕಶಾಸ್ತ್ರ, ನಾವು ತಿಂದರೆ ‘ಹಂದಿ ತಿನ್ನೋರು’. ಗೌಡ್ರ ಮನೆಯಲ್ಲೂ ಅದೇ ಹಂದಿ, ಕಡುಬಿನ ಜೊತೆ. ಆದರೂ ನಾವು ಅಂಗಳ ದಾಟೋ ಹಾಗಿಲ್ಲ. ಮೈಲಿಗೆ ಹಂದಿಯಲ್ಲಿ ಇರಲೇ ಇಲ್ಲ ಗೆಳೆಯರೇ.

ನಮ್ಮದೇ ಬೇಟೆಯೂ ಇತ್ತು. ನಾನು ಹುಡುಗನಾಗಿದ್ದಾಗ ಅಪ್ಪ, ದೊಡ್ಡಪ್ಪ, ಚಿಕ್ಕಪ್ಪಂದಿರು ಬಲೆ, ಈಟಿ ಹಿಡಿದು ಹೋಗ್ತಿದ್ರು. ನಾನೂ ಹೋಗಿದ್ದೀನಿ. ಅಜ್ಜ ಕುಂಟುತ್ತಾ ಬಂದು ಕೆಸರಿನ ಹೆಜ್ಜೆ ನೋಡಿ ‘ಇದು ಮರಿ ಇರೋ ಹೆಣ್ಣು, ಬಿಟ್ಟುಬಿಡಿ’ ಅಂದ್ರೆ ಮುಗೀತು, ಬಲೆ ಸುತ್ತಿಕೊಂಡು ವಾಪಸ್. ಉರುಳು ಹಾಕೋಕೆ ಬಿಡ್ತಿರಲಿಲ್ಲ. ಉರುಳಿಗೆ ಕಣ್ಣಿಲ್ಲ, ಯಾವ ಜೀವ ಬೇಕಾದ್ರೂ ಬೀಳ್ತದೆ ಅನ್ನೋರು. ಸಿಕ್ಕ ದಿನ ಪಾಲು ಹಾಕ್ತಿದ್ದವಳು ಅಜ್ಜಿ. ಕೇರಿಯ ಪ್ರತಿ ಮನೆಗೂ ಸಮ ಗುಡ್ಡೆ, ಬಾರದವರಿಗೂ. ಮೊದಲ ಗುಡ್ಡೆ ಬಾಣಂತಿ ಮನೆಗೆ. ಹಂದಿ ತುಪ್ಪ ಒಂದು ಕುಡಿಕೆಯಲ್ಲಿ, ಅಜ್ಜನ ಕಾಲಿಗೆ. ನಮ್ಮ ಪಾಲಿನ ಲೆಕ್ಕದಲ್ಲಿ ಆಯುಧಕ್ಕೆ ಪಾಲಿರಲಿಲ್ಲ, ಹಸಿವಿಗೆ ಇತ್ತು. ಸಮಾನತೆ ಅನ್ನೋದನ್ನ ನಾನು ಬಾಬಾಸಾಹೇಬರ ಪುಸ್ತಕದಲ್ಲಿ ಓದುವ ಮೊದಲು ನೋಡಿದ್ದು ಅಲ್ಲಿ.

1972ರ ವನ್ಯಜೀವಿ ಕಾಯ್ದೆ ಬಂದು ಆಗಲೇ ಹತ್ತು ವರ್ಷ ಆಗಿತ್ತು. ನಮಗೆ ಗೊತ್ತಾದದ್ದು ದೊಡ್ಡಪ್ಪನನ್ನ ಗಾರ್ಡುಗಳು ಹಿಡಿದ ದಿನ. ಆಮೇಲೆ ಅಪ್ಪ ಬಲೆ ಸುಟ್ಟುಹಾಕಿದರು. ನಾನು ಮತ್ತೆ ಬೇಟೆ ಶುರುವಾಗಲಿ ಅಂತ ಬರೀತಿಲ್ಲ. ಕಾಡು ಉಳಿಯಬೇಕು. ಸಿಡಿಮದ್ದಿನ ಉಂಡೆ ಕಚ್ಚಿ ದವಡೆ ಚೂರಾದ ಹಸುವನ್ನ ನೋಡಿದವನು ನಾನು. ಆದರೆ ಇವತ್ತು ಕಾಡಂಚಿನಲ್ಲಿ ಬಗರ್‌ಹುಕುಂ ಮಾಡಿಕೊಂಡ ನಮ್ಮ ಜನರ ಜೋಳ, ಗೆಣಸು ಒಂದೇ ರಾತ್ರಿಯಲ್ಲಿ ಹಂದಿ ಹಿಂಡಿನ ಪಾಲಾಗ್ತಿದೆ. ಪರಿಹಾರ ಕೇಳೋಕೆ ಹೋದರೆ ಪಹಣಿ ಎಲ್ಲಿ ಅಂತಾರೆ. ಪಹಣಿ ಇಲ್ಲದವನ ಬೆಳೆ ಬೆಳೆಯಲ್ಲ. ಅಜ್ಜನ ಕಾಲದಲ್ಲಿ ಕೋವಿಗೆ ಕೇಳಿದ ಅದೇ ಜಮೀನನ್ನ ಈಗ ಪರಿಹಾರಕ್ಕೆ ಕೇಳ್ತಿದ್ದಾರೆ. ಹಕ್ಕುಪತ್ರದ ಹೋರಾಟ ಯಾಕೆ ಬಿಡಬಾರದು ಅಂದ್ರೆ ಇದಕ್ಕೇ.

ಕಡೆಗೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಹಿರಿಯರು ಇದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ಮೈ ಮೇಲಿನ ಆ ಕಲೆ ಯಾವುದು, ಯಾರ ಕೆಲಸದಲ್ಲಿ ಆದದ್ದು, ಕೈಗೆ ಏನು ಸಿಕ್ಕಿತು ಅಂತ. ಅವರು ಹೇಳಿದ ಹಾಗೇ, ಹೆಸರು ಸಮೇತ ಬರೆದಿಡಿ. ಕಾಳಿಗೆ ಕಲ್ಲು ಕೆತ್ತಿಸೋಕೆ ಒಬ್ಬ ಒಡೆಯ ಇದ್ದ. ನಮ್ಮವರಿಗೆ ನಾವೇ ಇರೋದು.

ಜೈ ಭೀಮ್.