ಭೂತಾಳ ಪಾಂಡ್ಯನ ಕಟ್ಟು: ಬರ್ನೆಲ್ ಕೈಬಿಟ್ಟ ಸಾಕ್ಷ್ಯ

ತುಳುನಾಡಿನ ಐತಿಹ್ಯದ ರಾಜ ಭೂತಾಳ ಪಾಂಡ್ಯನ ಹೆಸರಿನಲ್ಲಿರುವ, ಆಸ್ತಿ ಸೋದರಳಿಯನಿಗೆ ಸಲ್ಲಬೇಕೆನ್ನುವ ‘ಅಳಿಯ ಸಂತಾನದ ಕಟ್ಟುಕಟ್ಟಲೆ’ ಈಚಿನವರ ಕೂಟರಚನೆ ಎಂದು ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಎ.ಸಿ. ಬರ್ನೆಲ್ ಹೇಳಿದ ಮೇಲೆ ಆ ಕೃತಿಯ ಬಗ್ಗೆ ಮೂಗು ಮುರಿಯುವುದು ವಿದ್ವಾಂಸರಿಗೆ ರೂಢಿಯಾಯಿತು. ಗ್ರಂಥದ ಕಾಲದ ವಿಷಯದಲ್ಲಿ ಬರ್ನೆಲ್ ಜೊತೆ ನನಗೆ ಜಗಳವಿಲ್ಲ. ಕ್ರಿಸ್ತಶಕದ ಆರಂಭದ ರಾಜನೊಬ್ಬನನ್ನು ಅದರ ಬಲದ ಮೇಲೆ ನಿಲ್ಲಿಸಲಾಗದು. ಆದರೆ ಗ್ರಂಥ ಹುಸಿಯೆಂದ ಮಾತ್ರಕ್ಕೆ ಅದರೊಳಗಿನ ಕುಂಡೋದರ ಭೂತದ ಕಥೆಯೂ ಕಾನೂನಿನ ಚರಿತ್ರೆಗೆ ಬೇಡವೆಂದು ತಳ್ಳಿದ್ದನ್ನು ಒಪ್ಪಲಾರೆ.

ಕಥೆ ಗೊತ್ತಿರುವುದೇ. ದೇವಪಾಂಡ್ಯನ ಹಡಗುಗಳಿಗಾಗಿ ಕುಂಡೋದರ ನರಬಲಿ ಕೇಳುತ್ತಾನೆ. ಹೆಂಡತಿ ತನ್ನ ಮಕ್ಕಳನ್ನು ಕೊಡಲೊಲ್ಲಳು. ತಂಗಿ ಸತ್ಯವತಿ ಮಗ ಜಯಪಾಂಡ್ಯನನ್ನು ಒಪ್ಪಿಸುತ್ತಾಳೆ. ಭೂತ ಅವನ ಪ್ರಾಣ ತೆಗೆಯದೆ ಉಳಿಸಿ, ಭೂತಾಳ ಪಾಂಡ್ಯನೆಂದು ಪಟ್ಟಕ್ಕೇರಿಸಿ, ಇನ್ನು ಮುಂದೆ ಆಸ್ತಿ ಅಳಿಯನಿಗೆ ಎಂದು ಕಟ್ಟು ಮಾಡುತ್ತಾನೆ. ಇದನ್ನು ಅಜ್ಜಿಕಥೆ ಎನ್ನುವವರು ಇದರೊಳಗಿನ ನ್ಯಾಯವಾದವನ್ನು ಓದಿಲ್ಲ. ಹಕ್ಕು ಇಲ್ಲಿ ರಕ್ತದಿಂದ ತಾನಾಗಿ ಹುಟ್ಟುವುದಿಲ್ಲ. ಮನೆತನದ ಋಣಕ್ಕೆ ಹೊಣೆ ಹೊತ್ತ ಕವಲಿಗೆ ಸಲ್ಲುತ್ತದೆ. ಅದಕ್ಕೆ ಸಾಕ್ಷಿಯೂ ತೀರ್ಪುಗಾರನೂ ಭೂತವೇ. ಹಾಗಾಗಿ ಭೂತವನ್ನು ತೆಗೆದರೆ ವಾದದ ನಡುಗಂಬವೇ ಹೋಗುತ್ತದೆ.

ಸಾವು ಮತ್ತು ಭೂಮಿಯ ಹಕ್ಕು ಹೀಗೆ ಒಟ್ಟಿಗೆ ಬರುವುದು ಕನ್ನಡ ನಾಡಿನಲ್ಲಿ ಅಪೂರ್ವವಲ್ಲ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲನ್ನು ನೋಡಿ: ತುಂಬೆಪಾಡಿಯಲ್ಲಿ ವೀರಮಹೇಂದ್ರನ ವಿರುದ್ಧ ಕಾದಿ ನಾಗತ್ತರ ಸತ್ತದ್ದೂ, ಗಂಗರ ಅರಸ ಎರೆಯಪ್ಪ ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ (ವೀರನ ಸಾವಿಗೆ ಸಂದ ದತ್ತಿಭೂಮಿಯಾಗಿ) ಕೊಟ್ಟದ್ದೂ ಒಂದೇ ಕಲ್ಲಿನಲ್ಲಿವೆ. (ಬೆಂಪೂರೆಂದರೆ ಇಂದಿನ ಬೇಗೂರೇ.) ಅಲ್ಲಿ ಯುದ್ಧವನ್ನು ಒಂದು ಕಡೆ, ದತ್ತಿಯನ್ನು ಇನ್ನೊಂದು ಕಡೆ ಇಟ್ಟು ಓದಿದರೆ ಪೂರ್ಣ ಅರ್ಥ ಸಿಗದು. ತುಳುನಾಡಿನ ಕಥೆಗೂ ಅಷ್ಟೇ ಗೌರವ ಸಲ್ಲಬೇಕು, ಅದು ಕಲ್ಲಿನ ಮೇಲೆ ಇಲ್ಲದಿದ್ದರೂ.

ಬರ್ನೆಲ್ ವಿಷಯದಲ್ಲಿ ನನಗೆ ಬೇಸರ ತರುವುದು ಬೇರೆ. ಈತನೇ ಭೂತಾರಾಧನೆಯ ಅಪಾರ ಸಾಮಗ್ರಿಯನ್ನೂ ಕೂಡಿಸಿದ; 1882ರಲ್ಲಿ ತೀರಿಕೊಂಡ ಮೇಲೆ, 1894ರಿಂದ, ಅದು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬೆಳಕು ಕಂಡಿತು. ಪಾಡ್ದನ (ಭೂತಗಳ ಹಾಡುಗಥೆ) ಜಾನಪದಕ್ಕೆ, ಕಟ್ಟಲೆ ಕೋರ್ಟಿಗೆ ಎಂಬ ವಿಭಜನೆ ಅಲ್ಲಿಂದ ಗಟ್ಟಿಯಾಯಿತು. ಮಿಶನರಿ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ‘ಪಾಡ್ದನೊಳು’ ಸಂಗ್ರಹವನ್ನು ಕಾನೂನು ಬರೆದವರು ತೆರೆದು ನೋಡಬೇಕಿತ್ತು. ಭೂತದ ಕುಣಿತದ ಸೇವೆಯಾದ ಕೋಲದಲ್ಲಿ ಭೂತ ಕೊಡುವ ನುಡಿ ಗಡಿಜಗಳ, ಪಾಲುಜಗಳಗಳನ್ನು ಮುಟ್ಟುತ್ತದೆಂಬುದು ತುಳುನಾಡಿನಲ್ಲಿ ಮಕ್ಕಳಿಗೂ ತಿಳಿದ ಸಂಗತಿ.

ದೈವ ಮತ್ತು ಕಾನೂನನ್ನು ಹೀಗೆ ಬೇರೆ ಮಾಡಿದ ನಮ್ಮ ಹಾದಿಗೆ ಹೈಟಿಯ ಹಾದಿ ವಿರುದ್ಧ. ಅಲ್ಲಿಯ 1835ರ ದಂಡಸಂಹಿತೆ ವೋಡೂ ಎಂಬ ದೈವಾರಾಧನೆಯನ್ನು ಮಾಟಮಂತ್ರದ ಸಾಲಿಗೆ ಸೇರಿಸಿ ನಿಷೇಧಿಸಿತು. ಆ ಶ್ರದ್ಧೆಗೆ ಸರ್ಕಾರದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಇತಿಹಾಸಕಾರ್ತಿ ಕೇಟ್ ರ‍್ಯಾಮ್ಸಿ ಆ ಕಾನೂನುಗಳ ಚರಿತ್ರೆಯನ್ನು ಬರೆದಿದ್ದಾರೆ. ಹೈಟಿಯ ಕಾನೂನು ದೈವವನ್ನು ಹೆಸರಿಟ್ಟು ಶಿಕ್ಷಿಸಿತು. ನಮ್ಮಲ್ಲಿ ಕಂಪನಿ ಮತ್ತು ಮದ್ರಾಸು ನ್ಯಾಯಾಲಯಗಳು ದೈವದ ಕಟ್ಟನ್ನು ಜಾರಿಯಲ್ಲಿಟ್ಟುಕೊಂಡು ದೈವವನ್ನು ಕಡತದಿಂದ ಬಿಟ್ಟವು. ಎರಡನೆಯದು ಹೆಚ್ಚು ಉದಾರವೆಂದು ನಾನು ಭಾವಿಸುವುದಿಲ್ಲ.

ದೈವವನ್ನು ಹೀಗೆ ಬಿಟ್ಟದ್ದರ ಪರಿಣಾಮ ಆಸ್ತಿಯಲ್ಲೇ ಕಾಣಿಸಿತು. ಅಳಿಯಕಟ್ಟಿನ ಕುಟುಂಬದ ಸದಸ್ಯರು ಪಾಲನ್ನು ಒತ್ತಾಯದಿಂದ ಕೇಳುವಂತಿಲ್ಲ ಎಂಬ ನಿಯಮವನ್ನು ಮದ್ರಾಸ್ ಹೈಕೋರ್ಟ್ 1863ರಲ್ಲೇ ಎತ್ತಿಹಿಡಿಯಿತು. ತುಳುನಾಡಿನ ಹಿರಿಮನೆತನವಾದ ಗುತ್ತಿನ ಮನೆಯಲ್ಲಿ ಈ ಅವಿಭಾಜ್ಯತೆಗೆ ಒಂದು ಹೊಣೆಯೂ ಅಂಟಿಕೊಂಡಿತ್ತು: ಕುಟುಂಬದ ಭೂತಕ್ಕೆ ನೇಮ (ಸೇವೆ) ನಡೆಸಬೇಕು, ಅದರ ಖರ್ಚು ಆ ಭೂಮಿಯಿಂದಲೇ ಹುಟ್ಟಬೇಕು. ಅವಿಭಾಜ್ಯತೆಯನ್ನು ಬರಿಯ ವಾರಸಿಕೆಯ ಸೂತ್ರವೆಂದು ಓದಿದರೆ ಈ ಹೊಣೆ ಲೆಕ್ಕಕ್ಕೆ ಬರುವುದಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಕುಟುಂಬದ ತಾಯಿ-ಕವಲುಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟಿತು. ಕುಟುಂಬಕ್ಕೆ, ವಿಶೇಷವಾಗಿ ಹೆಣ್ಣುಮಕ್ಕಳ ಕವರುಗಳಿಗೆ, ಅದರಿಂದ ಒಳಿತಾಯಿತೇ ಎಂಬುದು ಬೇರೆಯೇ ಚರ್ಚೆ. ಭೂಮಿ ಹಂಚಿಹೋದ ಮೇಲೆ ಹಿರಿಮನೆಯ ನೇಮಕ್ಕೆ ಯಾವ ಕವರು ಎಷ್ಟು ಕೊಡಬೇಕೆಂಬ ವ್ಯಾಜ್ಯವನ್ನು ಮಾತ್ರ ಕುಂಡೋದರನ ಕಥೆಯ ನೆರವಿಲ್ಲದೆ ಅರ್ಥಮಾಡಿಕೊಳ್ಳಲಾಗದು: ಹೊಣೆ ಹೊತ್ತವಳ ಮಗನಿಗೆ ಹಕ್ಕು ಕೊಟ್ಟ ಕಟ್ಟು, ಹಕ್ಕು ಪಡೆದವರಿಂದ ಹೊಣೆಯನ್ನೂ ಕೇಳುತ್ತದೆ.