ಬೇದಾಣಿ ಶೆಡ್ಡಿನಿಂದ ವೆರೋನಾದ ಅಟ್ಟದವರೆಗೆ



ಫೆಬ್ರುವರಿ, ಮಾರ್ಚ್ ಬಂದರೆ ನಮ್ಮ ಜತ್ತ ತಾಲೂಕಿನ ಬೇದಾಣಿ ಶೆಡ್ಡುಗಳು ತುಂಬುತ್ತವೆ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ದ್ರಾಕ್ಷಿಯನ್ನು ಅದ್ದಿ ಬಲೆಯ ಮೇಲೆ ಹರಡುತ್ತೇವೆ. ಸಿಪ್ಪೆಯ ಮೇಣ ಸಡಿಲವಾಗಿ ಒಳಗಿನ ನೀರು ಬೇಗ ಆರುತ್ತದೆ. ಎರಡು ವಾರದಲ್ಲಿ ಸುಮಾರು ನಾಲ್ಕು ಕಿಲೋ ದ್ರಾಕ್ಷಿ ಒಂದು ಕಿಲೋ ಬೇದಾಣಿಯಾಗುತ್ತದೆ.

ಇಟಲಿಯ ವೆರೋನಾ ನಗರದ ಬಳಿ ವಾಲ್ಪೊಲಿಚೆಲ್ಲಾ ಎಂಬ ಗುಡ್ಡಸೀಮೆ ಇದೆ. ಅಲ್ಲಿಯವರೂ ದ್ರಾಕ್ಷಿ ಒಣಗಿಸುತ್ತಾರೆ, ಆದರೆ ಅದನ್ನು ಹಿಂಡಿ ಕೆಂಪು ದ್ರಾಕ್ಷಾರಸ ಮಾಡುತ್ತಾರೆ. ಅದರ ಹೆಸರು ಅಮರೋನೆ.

ಈ ಪದ್ಧತಿ ಬಹಳ ಹಳೆಯದು. 6ನೆಯ ಶತಮಾನದಲ್ಲಿ ಇಟಲಿಯನ್ನು ಆಳುತ್ತಿದ್ದ ಗೋಥ್ ಅರಸರ ಮಂತ್ರಿ ಕಾಸ್ಸಿಯೊಡೋರಸ್, ಅರಮನೆಗೆ ವೆರೋನಾ ಸೀಮೆಯ ದ್ರಾಕ್ಷಾರಸ ತರಿಸಲು ಪತ್ರ ಬರೆದ. ಗೊಂಚಲುಗಳನ್ನು ತೂಗುಹಾಕಿ, ಚಳಿಗಾಲದವರೆಗೆ ಕಾದು ಹಿಂಡುವ ಕ್ರಮವನ್ನು ಅದರಲ್ಲಿ ವಿವರಿಸಿದ. ಮುಂದೆ ಅದೇ ಮಂತ್ರಿ ಅಧಿಕಾರ ಬಿಟ್ಟು, ವಿವಾರಿಯಂ ಎಂಬ ಮಠ ಕಟ್ಟಿ, ಸನ್ಯಾಸಿಗಳಿಂದ ಗ್ರಂಥಗಳ ಪ್ರತಿ ಮಾಡಿಸಿದ.

ಆ ಕಾಲದ ರಸ ಸಿಹಿ. ಸಕ್ಕರೆಯೆಲ್ಲ ಹುಳಿತು ಹೋದಾಗ ಸಿಹಿ ಉಳಿಯುವುದಿಲ್ಲ, ಹಾಗಾದದ್ದೇ ಅಮರೋನೆ. ಇಟಾಲಿಯನ್ನಿನಲ್ಲಿ ‘ಅಮಾರೊ’ ಎಂದರೆ ಕಹಿ. 1968ರಲ್ಲಿ ವಾಲ್ಪೊಲಿಚೆಲ್ಲಾ ಸೀಮೆಯ ದ್ರಾಕ್ಷಾರಸಕ್ಕೆ ಸರ್ಕಾರಿ ನಿಯಮ ಬಂತು. 2010ರಲ್ಲಿ ಅಮರೋನೆಗೆ ಇಟಲಿಯ ಅತಿ ಉನ್ನತ ದರ್ಜೆ ಸಿಕ್ಕಿತು. ದ್ರಾಕ್ಷಿ ಆ ಸೀಮೆಯಲ್ಲೇ ಬೆಳೆದಿರಬೇಕು. ಮುಖ್ಯ ತಳಿ ಕೊರ್ವಿನಾ, ಜೊತೆಗೆ ರೊಂದಿನೆಲ್ಲಾ. ಸಾಮಾನ್ಯವಾಗಿ ಡಿಸೆಂಬರ್ 1ರ ಮೊದಲು ಹಿಂಡುವಂತಿಲ್ಲ. ಮದ್ಯಸಾರ ಕನಿಷ್ಠ ಶೇ. 14 ಇರಬೇಕು. ಕನಿಷ್ಠ ಎರಡು ವರ್ಷ ಮಾಗಿಸಬೇಕು. ಒಂದು ತಪ್ಪಿದರೂ ಆ ಹೆಸರು ಹಾಕುವಂತಿಲ್ಲ.

ಇದನ್ನೆಲ್ಲ ಬರೆದದ್ದು ಕುಡಿತವನ್ನು ಹೊಗಳಲು ಅಲ್ಲ. ಕುಡಿತದಿಂದ ಹಾಳಾದ ಮನೆಗಳು ನಮ್ಮ ಕಣ್ಣೆದುರೇ ಇವೆ. ನಮ್ಮನ್ನು ತಡೆದು ನಿಲ್ಲಿಸಿದ್ದು ಹೆಸರಿನ ವಿಷಯ. 2016ರಲ್ಲಿ ‘ಸಾಂಗಲಿ ಬೇದಾಣಿ’ಗೂ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿತು. ಬರದ ವರ್ಷ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಳ್ಳುವ ನಮ್ಮ ರೈತರಿಗೆ ಆ ಹೆಸರೂ ಒಂದು ಆಸ್ತಿ. ಬೇರೆ ಕಡೆಯ ಮಾಲಿಗೆ ಈ ಹೆಸರು ಹಚ್ಚಿದರೆ, ಕೆಟ್ಟ ಮಾಲನ್ನು ಡಬ್ಬಿಯ ತಳಕ್ಕೆ ಹಾಕಿದರೆ, ಒಬ್ಬರು ಗಳಿಸುತ್ತಾರೆ, ಇಡೀ ಸೀಮೆ ಕಳೆದುಕೊಳ್ಳುತ್ತದೆ. ವೆರೋನಾದವರು ನಿಯಮ ಬರೆದು ಕಾದದ್ದು ಈ ನಂಬಿಕೆಯನ್ನೇ.

ಬಲಿಪೂಜೆಯ ದ್ರಾಕ್ಷಾರಸಕ್ಕೂ ಧರ್ಮಸಭೆಯ ನಿಯಮವಿದೆ: ಅದು ದ್ರಾಕ್ಷಿಯಿಂದಲೇ ಆದ, ಕಲಬೆರಕೆಯಿಲ್ಲದ, ಕೆಡದ ರಸವಾಗಿರಬೇಕು. ಯಾವ ಊರಿನದು ಎಂದು ಅಲ್ಲಿ ಕೇಳುವುದಿಲ್ಲ, ಶುದ್ಧವೇ ಎಂದು ಕೇಳುತ್ತಾರೆ. ಪೀಠದ ಮೇಲಿನ ಪಾತ್ರೆಗೆ ಬೇಡುವ ಪ್ರಾಮಾಣಿಕತೆಯನ್ನು ನಮ್ಮ ತಕ್ಕಡಿಗೂ ಬೇಡೋಣ. ಈ ಸಲ ಶೆಡ್ಡಿನಲ್ಲಿ ಬೇದಾಣಿ ಆರಿಸಲು ಕುಳಿತಾಗ ಇದು ನೆನಪಿರಲಿ.