ಶಾಲೆಯ ವಿಜ್ಞಾನ ವರ್ಷ: ತುಂಗಭದ್ರೆಯ ತಟದ ಪಾಠಗಳು

ತುಂಗಭದ್ರೆಯು ಕವಲೊಡೆದು ಸುತ್ತುವರಿದಿರುವ ವಿರೂಪಾಪುರಗಡ್ಡೆಯು ಗಂಗಾವತಿ ತಾಲ್ಲೂಕಿನ ಒಂದು ನಡುಗಡ್ಡೆ. ಎದುರಿಗೆ ಹಂಪಿ, ಸಮೀಪದಲ್ಲಿ ಆನೆಗೊಂದಿ. ಯಾತ್ರಿಕರಿಗೆ ಪುಣ್ಯಭೂಮಿಯಾದ ಈ ಪರಿಸರವು ಶಾಲಾಮಕ್ಕಳಿಗೆ ಛಾವಣಿಯಿಲ್ಲದ ಪ್ರಯೋಗಾಲಯವೂ ಆಗಿದೆ. ಬಸವಾದಿ ಶರಣರು ಕೇಳಿದ್ದನ್ನು ಹಾಗೆಯೇ ನಂಬದೆ ಅನುಭವದ ಒರೆಗೆ ಹಚ್ಚಿದವರು. ಆದುದರಿಂದ ಶಾಲೆಯ ವಿಜ್ಞಾನ ಪಾಠವು ನಮ್ಮ ಪರಂಪರೆಗೆ ಹೊರಗಿನದಲ್ಲ. ಕೊಪ್ಪಳ ಸೀಮೆಯ ಯಾವುದೇ ಶಾಲೆಯು ಹೆಚ್ಚಿನ ವೆಚ್ಚವಿಲ್ಲದೆ ವರ್ಷವಿಡೀ ನಡೆಸಬಹುದಾದ ಚಟುವಟಿಕೆಗಳನ್ನು ಇಲ್ಲಿ ನೀಡಲಾಗಿದೆ.

ಜೂನ್–ಆಗಸ್ಟ್: ನೆರಳು ಮತ್ತು ನದಿ

ಅಂಗಳದಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ನೇರವಾಗಿ ನೆಟ್ಟರೆ ಖಗೋಳ ಪಾಠವು ಆರಂಭವಾಗುತ್ತದೆ. ಜೂನ್ 21ರ ಮಧ್ಯಾಹ್ನ ಅದರ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉದ್ದ ಸುಮಾರು 14 ಸೆಂ.ಮೀ. ಮೇ ತಿಂಗಳ ಮೊದಲ ವಾರದಲ್ಲಿಯೂ ಆಗಸ್ಟ್ ಎರಡನೆಯ ವಾರದಲ್ಲಿಯೂ ಸೂರ್ಯನು ಇಲ್ಲಿ ನೆತ್ತಿಯ ಮೇಲೆಯೇ ಬರುವುದರಿಂದ ನೆರಳು ಕೋಲಿನ ಬುಡದಲ್ಲಿಯೇ ಅಡಗುತ್ತದೆ. ಮೇ ರಜೆಯ ಕಾಲವಾದುದರಿಂದ ಆಗಸ್ಟ್‌ನಲ್ಲಿ, ಮೋಡವಿಲ್ಲದ ದಿನ, ಮಧ್ಯಾಹ್ನ 12.30ರ ಹೊತ್ತಿಗೆ ಇದನ್ನು ನೋಡಬೇಕು. ಡಿಸೆಂಬರ್ 22ರಂದು ಅದೇ ನೆರಳು ಉತ್ತರಕ್ಕೆ ಸುಮಾರು 80 ಸೆಂ.ಮೀ. ಚಾಚುತ್ತದೆ. ಭೂಮಿಯ ಅಕ್ಷವು ಓರೆಯಾಗಿರುವುದನ್ನು ಮಕ್ಕಳು ಇದರಿಂದ ಕಣ್ಣಾರೆ ಅರಿಯುವರು.

ಇದೇ ಕಾಲದಲ್ಲಿ ನದಿಯು ತುಂಬಿ ಹರಿಯುತ್ತದೆ. ತುಂಗಭದ್ರಾ ಜಲಾಶಯಕ್ಕೆ 33 ಕ್ರಸ್ಟ್ ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದದ್ದನ್ನು ಈ ಸೀಮೆಯ ಜನ ಮರೆತಿಲ್ಲ. ನೀರಿನ ಆಳ ಹೆಚ್ಚಿದಂತೆ ಒತ್ತಡ ಹೆಚ್ಚುವುದೇಕೆ, ಜಲಾಶಯದಿಂದ ನೀರು ಬಿಟ್ಟಾಗ ಹರಿಗೋಲು ನಿಲ್ಲಿಸುವುದೇಕೆ ಎಂಬ ಪಾಠಗಳು ಜೀವರಕ್ಷಣೆಯ ಪಾಠಗಳೂ ಹೌದು.

ಸೆಪ್ಟೆಂಬರ್–ಡಿಸೆಂಬರ್: ಕಲ್ಲು ಮತ್ತು ಕುಡಿಯುವ ನೀರು

ಈ ಭಾಗದ ಗ್ರಾನೈಟ್ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಬಿರುಕುಗಳಲ್ಲಿ ಇಳಿದ ನೀರು ಅಂಚುಗಳನ್ನು ಸವೆಸಿದ್ದರಿಂದ ಅವು ಗುಂಡುಗಳಾಗಿವೆ. ಇಂತಹ ಶಿಲೆಗಳಲ್ಲಿರುವ ಫ್ಲೋರೈಡ್ ಅಂತರ್ಜಲಕ್ಕೆ ಸೇರುತ್ತದೆ. ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳ ಅನೇಕ ಗ್ರಾಮಗಳನ್ನು ಈ ಸಮಸ್ಯೆಯು ಬಾಧಿಸಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5 ಮಿ.ಗ್ರಾಂ ಗರಿಷ್ಠ ಮಿತಿ. ಮಿತಿ ಮೀರಿದರೆ ಮೊದಲು ಬೆಳೆಯುವ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ದೀರ್ಘಕಾಲದಲ್ಲಿ ಮೂಳೆಗಳು ಬಿರುಸಾಗುತ್ತವೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗದು; ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಮಕ್ಕಳು ತಮ್ಮೂರಿನ ಕೊಳವೆಬಾವಿಗಳ ನೀರನ್ನು ಪರೀಕ್ಷಾ ಕಿಟ್‌ನಿಂದ ಪರಿಶೀಲಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಗೆ ಒಪ್ಪಿಸಿದರೆ ಅದು ನಿಜವಾದ ದಾಸೋಹ.

ಇಂತಹ ಅಧ್ಯಯನಗಳಿಗೆ ವೇದಿಕೆಯೂ ಇದೆ. 1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು 10ರಿಂದ 17 ವರ್ಷದ ಮಕ್ಕಳಿಗಾಗಿ ರೂಪುಗೊಂಡದ್ದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆಯು ಶಿಕ್ಷಕರಿಗೆ ಒಳ್ಳೆಯ ಒಡನಾಡಿ.

ಜನವರಿ–ಮಾರ್ಚ್: ಜೀವಲೋಕ ಮತ್ತು ವಿಜ್ಞಾನ ದಿನ

ನದಿಯು ಇಳಿದಾಗ ಜೀವವೈವಿಧ್ಯದ ಪಾಠಕ್ಕೆ ಅನುಕೂಲ. ತುಂಗಭದ್ರೆಯ ಈ ಹರಿವು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಶಿಕ್ಷಕರ ಜೊತೆಯಲ್ಲಿ, ದಡದಿಂದಲೇ ನೋಡಿ, ಕಂಡದ್ದನ್ನು ದಿನಾಂಕಸಹಿತ ಬರೆದಿಡುವುದು ಉತ್ತಮ ಅಭ್ಯಾಸ. ಸರ್ ಸಿ.ವಿ. ರಾಮನ್ ತಮ್ಮ ಶೋಧವನ್ನು ಸಾಧಿಸಿದ 1928ರ ಫೆಬ್ರುವರಿ 28ರ ಸ್ಮರಣೆಗಾಗಿ ರಾಷ್ಟ್ರೀಯ ವಿಜ್ಞಾನ ದಿನವನ್ನು ಆಚರಿಸಲಾಗುತ್ತದೆ. ಅಂದು ಮಕ್ಕಳು ವರ್ಷದ ನೆರಳಿನ ಅಳತೆ, ನೀರಿನ ಪರೀಕ್ಷೆ, ಪ್ರಾಣಿಗಳ ದಾಖಲೆಗಳನ್ನು ಪಾಲಕರ ಮುಂದೆ ಮಂಡಿಸಲಿ.

ಅರಿವು ಮತ್ತು ಆಚಾರ

ಶರಣರು ತಿಥಿ, ವಾರ, ಶಕುನಗಳ ಭಯದಿಂದ ಜನರನ್ನು ಬಿಡಿಸಿದರು. ಗ್ರಹಣವು ನೆರಳಿನಾಟವೆಂದು ಬಲ್ಲ ಮಗು ಅಂದು ಉಪವಾಸ ಬೀಳದು. ಹಾವು ಕಚ್ಚಿದರೆ ಮಂತ್ರಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಹಿರಿಯರಿಗೆ ಹೇಳುವುದು. ಅರಿವು ಆಚಾರವಾಗಿ ಮನೆಯನ್ನು ತಲುಪುವುದು ಹೀಗೆ. ಭಕ್ತರು ತಮ್ಮೂರಿನ ಶಾಲೆಗೆ ಒಂದು ಅಳತೆಕೋಲು, ಒಂದು ನೀರಿನ ಪರೀಕ್ಷಾ ಕಿಟ್ ನೀಡಿದರೂ ಅದು ಸಾರ್ಥಕ ಸೇವೆಯೇ ಆಗುತ್ತದೆ.